ಕನ್ನಡಕ ತೆಗೆಸುವ ಮೈಕ್ರೋಸ್ಕೋಪ್ ಯಾರಿಗೆ ಬೇಕು?

ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಎಲೆಕ್ಟ್ರಾನಿಕ್ ಸರ್ಕ್ಯೂಟ್ ಬೋರ್ಡುಗಳು ತಯಾರಾಗುತ್ತವೆ. ಇಲ್ಲಿದ್ದ ಇಂಡಾಲ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯನ್ನು ಆಸ್ಟ್ರಿಯಾದ ಎಟಿ ಅಂಡ್ ಎಸ್ ಕಂಪನಿ 1999ರಲ್ಲಿ ಕೊಂಡಿತು. ಅಲ್ಲಿಂದ ಕಪಿಲೆ ಹರಿಯುವ ದಿಕ್ಕಿನಲ್ಲೇ ಸಾಗಿ, ಅವಳು ಕಾವೇರಿಯನ್ನು ಸೇರುವ ತಿ. ನರಸೀಪುರಕ್ಕೆ ಬಂದರೆ ಕಸುಬೇ ಬೇರೆ. ಭತ್ತ, ತೆಂಗು, ಹಿಪ್ಪುನೇರಳೆಯ ನಾಡು ಇದು. ಮೈಸೂರು ರೇಷ್ಮೆ ಸೀರೆಗೆ ನೂಲು ಒದಗಿಸುವ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ನೂಲು ಬಿಚ್ಚಾಣಿಕೆ ಕಾರ್ಖಾನೆ ಇರುವುದೂ ಇಲ್ಲಿಯೇ. ಒಂದೂರಿನಲ್ಲಿ ಬೋರ್ಡಿನ ಮೇಲಿನ ತಾಮ್ರದ ಗೆರೆ, ಇನ್ನೊಂದೂರಿನಲ್ಲಿ ಎಲೆಯ ತಳಕ್ಕೆ ಅಂಟಿದ ಹಿಟ್ಟು ತಿಗಣೆ. ಎರಡನ್ನೂ ಸರಿಯಾಗಿ ನೋಡಲು ಬೇಕಾದದ್ದು ಮಾತ್ರ ಒಂದೇ ಉಪಕರಣ, ಸ್ಟೀರಿಯೊ ಮೈಕ್ರೋಸ್ಕೋಪ್.

ಅದರ ಮುಂದೆ ಕೂರುವವರಲ್ಲಿ ಕನ್ನಡಕದವರು ಕಡಿಮೆಯೇನಿಲ್ಲ. ನಲವತ್ತು ದಾಟಿ ಚಾಳೀಸು ಬಂದ ತಂತ್ರಜ್ಞರು, ಹೈಸ್ಕೂಲಿನಲ್ಲೇ ಮೈನಸ್ ಪವರ್ ಹತ್ತಿದ ವಿದ್ಯಾರ್ಥಿಗಳು, ಪೊರೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬಂದ ರೈತರು, ಎಲ್ಲರೂ ಇದ್ದಾರೆ. ಸರಿಯಾಗಿ ಕಾಣುತ್ತಿಲ್ಲ ಎಂದರೆ ಇವರಿಗೆಲ್ಲ ಸಿಗುವ ಸಲಹೆಯೂ ಒಂದೇ. ‘ಕನ್ನಡಕ ತೆಗೆದು ನೋಡಿ.’ ಬೆಳಕಿನ ಶಾಸ್ತ್ರದ ಮಟ್ಟಿಗೆ ಈ ಮಾತಿನಲ್ಲಿ ಹುರುಳಿದೆ. ಕೆಲಸದ ಮೇಜಿನ ಮೇಲೆ ಅದು ನಡೆಯುವುದಿಲ್ಲ. ತೊಂದರೆ ಇರುವುದು ಕನ್ನಡಕದಲ್ಲಲ್ಲ, ಉಪಕರಣ ಕೊಳ್ಳುವಾಗ ಬರೆಯುವ ವಿವರಣೆಯಲ್ಲಿ.

ಕಾಲೇಜಿನಲ್ಲಿ ಈರುಳ್ಳಿ ಸಿಪ್ಪೆ ನೋಡಿದ ಮೈಕ್ರೋಸ್ಕೋಪೇ ಹೆಚ್ಚಿನವರ ನೆನಪಿನಲ್ಲಿರುತ್ತದೆ. ಅದು ಗಾಜಿನ ಪಟ್ಟಿಯ ಮೇಲಿನ ತೆಳುವಾದ ಪದರದ ಮೂಲಕ ಬೆಳಕು ಹಾಯಿಸಿ, ನೂರಾರು ಪಟ್ಟು ಹಿಗ್ಗಿಸಿದ ತಲೆಕೆಳಗಾದ ಚಿತ್ರವನ್ನು ತೋರಿಸುತ್ತದೆ. ಸ್ಟೀರಿಯೊ ಹಾಗಲ್ಲ. ಎರಡು ಕಣ್ಣಿಗೂ ಬೇರೆ ಬೇರೆ ಬೆಳಕಿನ ದಾರಿ ಇರುವುದರಿಂದ ವಸ್ತುವಿನ ಉಬ್ಬು ತಗ್ಗು ಹಾಗೆಯೇ ಕಾಣುತ್ತದೆ, ಚಿತ್ರ ನೆಟ್ಟಗಿರುತ್ತದೆ. ಸಾಮಾನ್ಯ ಮಾದರಿಗಳು ಸುಮಾರು 7ರಿಂದ 45 ಪಟ್ಟು ಹಿಗ್ಗಿಸುತ್ತವೆ. ಲೆನ್ಸಿಗೂ ವಸ್ತುವಿಗೂ ನಡುವೆ ಹತ್ತು ಸೆಂಟಿಮೀಟರಿನಷ್ಟು ಜಾಗ ಉಳಿಯುವುದರಿಂದ ಚಿಮುಟ, ಸೂಜಿ, ಸೋಲ್ಡರಿಂಗ್ ಕಡ್ಡಿ ಯಾವುದನ್ನು ಬೇಕಾದರೂ ತೂರಿಸಿ ನೋಡುತ್ತಲೇ ಕೆಲಸ ಮಾಡಬಹುದು. ಅಮೆರಿಕದ ಪ್ರಾಣಿಶಾಸ್ತ್ರಜ್ಞ ಹೊರೇಷಿಯೊ ಗ್ರೀನೊ 1890ರ ದಶಕದಲ್ಲಿ ಜರ್ಮನಿಯ ಜೈಸ್ ಕಂಪನಿಗೆ ಸೂಚಿಸಿದ ವಿನ್ಯಾಸ ಇದು. ಒಂದಕ್ಕೊಂದು ವಾಲಿದ ಎರಡು ಕೊಳವೆಗಳ ಆ ಮಾದರಿ ಇಂದಿಗೂ ಅವನ ಹೆಸರಿನಲ್ಲೇ ಮಾರಾಟವಾಗುತ್ತಿದೆ.

ರೇಷ್ಮೆ ಸೀಮೆಗೆ ಮೈಕ್ರೋಸ್ಕೋಪ್ ಹೊಸದೇನಲ್ಲ. ಪೆಬ್ರಿನ್ ಎಂಬ ಗಂಟುರೋಗ ಫ್ರಾನ್ಸಿನ ರೇಷ್ಮೆಯನ್ನು ನೆಲಕಚ್ಚಿಸಿದ್ದಾಗ, 1865ರಲ್ಲಿ ಅದರ ಬೆನ್ನುಹತ್ತಿದ ಲೂಯಿ ಪಾಸ್ಚರ್ ಕೊಟ್ಟ ಪರಿಹಾರ ಸರಳವಾಗಿತ್ತು. ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು ಮೈಕ್ರೋಸ್ಕೋಪಿನಲ್ಲಿ ನೋಡು, ರೋಗಾಣು ಕಂಡರೆ ಅದರ ಮೊಟ್ಟೆಗಳನ್ನು ಸುಡು. ರಾಜ್ಯದ ಬಿತ್ತನೆ ಕೋಠಿಗಳಲ್ಲಿ ಇಂದಿಗೂ ರೋಗರಹಿತ ಮೊಟ್ಟೆಯ ಬುಡದಲ್ಲಿರುವುದು ಇದೇ ಪರೀಕ್ಷೆ. ಆದರೆ ಮೂರು ನಾಲ್ಕು ಮೈಕ್ರಾನ್ ಉದ್ದದ ಆ ರೋಗಾಣು ಕಾಣಲು ಸುಮಾರು 600 ಪಟ್ಟು ಹಿಗ್ಗಿಸಬೇಕು. ಅದು ಸ್ಟೀರಿಯೊ ಮಾಡುವ ಕೆಲಸವಲ್ಲ.

ಸ್ಟೀರಿಯೊಗೆ ಕೆಲಸ ಇರುವುದು ತೋಟದಿಂದ ಬಂದ ಎಲೆಯ ಮೇಲೆ. ಪಪ್ಪಾಯಿ ಹಿಟ್ಟು ತಿಗಣೆಯ ಕಥೆ ಇದಕ್ಕೆ ಒಳ್ಳೆಯ ಉದಾಹರಣೆ. 2008ರಲ್ಲಿ ಕೊಯಮತ್ತೂರಿನಲ್ಲಿ ಮೊದಲು ಕಂಡ ಈ ಪರದೇಶಿ ಕೀಟ ಕೆಲವೇ ಕಾಲದಲ್ಲಿ ಕರ್ನಾಟಕದ ಹಿಪ್ಪುನೇರಳೆಗೂ ಹತ್ತಿತು. ಔಷಧ ಹೊಡೆದು ಸುಮ್ಮನಾಗುವ ಹಾಗಿರಲಿಲ್ಲ. ಸೊಪ್ಪಿನಲ್ಲಿ ವಿಷ ಉಳಿದರೆ ಅದನ್ನು ತಿನ್ನುವ ರೇಷ್ಮೆ ಹುಳುವೇ ಸಾಯುತ್ತದೆ. ಇಂದು ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಎಂಬ ಹೆಸರಿರುವ ಬೆಂಗಳೂರಿನ ಸಂಸ್ಥೆ 2010ರಲ್ಲಿ ಪೋರ್ಟೊ ರಿಕೊದಿಂದ ಪರಾವಲಂಬಿ ಕಣಜಗಳನ್ನು ತರಿಸಿ, ಬೆಳೆಸಿ, ತೋಟಗಳಿಗೆ ಬಿಟ್ಟಿತು. ಅವುಗಳಲ್ಲಿ ಹೆಚ್ಚು ಫಲ ಕೊಟ್ಟ ಅಸಿರೊಫೇಗಸ್ ಪಪಾಯೆ ಒಂದು ಮಿಲಿಮೀಟರಿಗಿಂತ ಚಿಕ್ಕದು.

ಹಿಪ್ಪುನೇರಳೆಗೆ ಮುತ್ತುವ ಹಿಟ್ಟು ತಿಗಣೆ ಇದೊಂದೇ ಅಲ್ಲ. ಕುಡಿಯನ್ನು ಮುರುಟಿಸಿ ತುಕ್ರಾ ರೋಗ ತರುವ ಗುಲಾಬಿ ಹಿಟ್ಟು ತಿಗಣೆ ಬೇರೆ, ಅದರ ಹತೋಟಿಗೆ ಬಿಡುವ ಗುಲಗಂಜಿ ಹುಳುವೂ ಬೇರೆ. ಎರಡೂ ತಿಗಣೆಗಳು ಬಿಳಿ ಹಿಟ್ಟು ಮೆತ್ತಿಕೊಂಡೇ ಇರುವುದರಿಂದ ಬರಿಗಣ್ಣಿನ ತೀರ್ಪನ್ನು ನೆಚ್ಚುವಂತಿಲ್ಲ. ಆಲ್ಕೊಹಾಲಿನಲ್ಲಿ ಹಾಕಿದರೆ ಪಪ್ಪಾಯಿ ತಿಗಣೆ ನೀಲಿಗಪ್ಪಾಗುತ್ತದೆ ಎಂಬುದು ಒಂದು ಗುರುತು. ಮೈ ಬಣ್ಣ, ಅಂಚಿನ ಮೇಣದ ಎಳೆಗಳ ಉದ್ದ, ಮೊಟ್ಟೆ ಚೀಲದ ಆಕಾರ ಇವನ್ನೆಲ್ಲ ಹಿಗ್ಗಿಸಿಯೇ ನೋಡಬೇಕು. ತೆಂಗಿನ ಕಾಯಿಯ ತೊಟ್ಟಿನ ಪದರದೊಳಗೆ ಅಡಗುವ ನುಸಿಯಂತೂ ಮಿಲಿಮೀಟರಿನ ಐದನೇ ಒಂದು ಭಾಗದಷ್ಟು. ಯಾವ ಕೀಟ ಎಂಬುದರ ಮೇಲೆ ಮುಂದಿನ ಕ್ರಮ ನಿಲ್ಲುವುದರಿಂದ, ನೋಡುವವರ ಕಣ್ಣಿಗೆ ಅರ್ಧ ಕಂಡರೆ ಆಗುವ ನಷ್ಟ ಬೆಳೆಗಾರನದು.

ಹೀಗೆ ಅರ್ಧ ಕಾಣುವುದಕ್ಕೆ ಕಾರಣ ಕೆಲವೇ ಮಿಲಿಮೀಟರುಗಳ ಅಂತರ.

ಕಣ್ಣಿಟ್ಟು ನೋಡುವ ಐಪೀಸಿನಿಂದ ಹೊರಬರುವ ಬೆಳಕು ಅದರ ಗಾಜಿನ ಮೇಲೆ ಸ್ವಲ್ಪ ಎತ್ತರದಲ್ಲಿ ಒಂದು ಸಣ್ಣ ವೃತ್ತವಾಗಿ ಕೂಡಿಕೊಳ್ಳುತ್ತದೆ. ಕಣ್ಣಿನ ಪಾಪೆ ಸರಿಯಾಗಿ ಅಲ್ಲಿದ್ದರೆ ಮಾತ್ರ ಇಡೀ ದೃಶ್ಯ ಕಾಣುತ್ತದೆ. ಈ ಎತ್ತರಕ್ಕೆ ಐ ರಿಲೀಫ್ ಎನ್ನುತ್ತಾರೆ. ಸಾಮಾನ್ಯ 10 ಪಟ್ಟಿನ ಐಪೀಸಿನಲ್ಲಿ ಇದು 10–12 ಮಿಲಿಮೀಟರ್ ಇರುತ್ತದೆ. ಕನ್ನಡಕದ ಗಾಜು ಕಣ್ಣಿನಿಂದ 12–14 ಮಿಲಿಮೀಟರ್ ಮುಂದಿರುತ್ತದೆ, ಅದಕ್ಕೆ ಗಾಜಿನ ದಪ್ಪವನ್ನೂ ಸೇರಿಸಬೇಕು. ಅಂದಮೇಲೆ ಕನ್ನಡಕ ಐಪೀಸಿಗೆ ತಾಗುವಷ್ಟು ಬಾಗಿದರೂ ಕಣ್ಣು ಆ ಜಾಗಕ್ಕೆ ಮುಟ್ಟುವುದೇ ಇಲ್ಲ. ಬೀಗದ ಕಿಂಡಿಯಿಂದ ಕೋಣೆಯೊಳಗೆ ಇಣುಕಿದ ಹಾಗೆ ನಡುವಿನ ಒಂದು ತುಣುಕು ಮಾತ್ರ ಕಾಣುತ್ತದೆ. ಐಪೀಸಿನ ಮೇಲೆ 10X/20 ಎಂದು ಬರೆದಿದ್ದರೆ, ವಸ್ತುವಿನ ಕಡೆಯ ಲೆನ್ಸ್ (ಆಬ್ಜೆಕ್ಟಿವ್) 1X ಇದ್ದಾಗ 20 ಮಿಲಿಮೀಟರ್ ಅಗಲದ ಜಾಗ ಕಾಣಬೇಕು. 20ಕ್ಕೆ ಹಣ ಕೊಟ್ಟು 10 ಮಾತ್ರ ನೋಡಿದರೆ ವಿಸ್ತೀರ್ಣದ ಲೆಕ್ಕದಲ್ಲಿ ಮುಕ್ಕಾಲು ಪಾಲು ಕಳೆದುಕೊಂಡಂತೆ.

ಇದಕ್ಕೆ ಪರಿಹಾರ ಮಾರುಕಟ್ಟೆಯಲ್ಲಿ ಯಾವಾಗಲೋ ಬಂದಿದೆ. ಹೈ ಐಪಾಯಿಂಟ್ ಎಂದು ಕರೆಯುವ ಐಪೀಸುಗಳಲ್ಲಿ ಈ ಎತ್ತರ 18ರಿಂದ 22 ಮಿಲಿಮೀಟರಿನವರೆಗೂ ಇರುತ್ತದೆ. ಅನೇಕ ತಯಾರಕರು ಅಂಥ ಐಪೀಸಿನ ಮೇಲೆ ಕನ್ನಡಕದ ಪುಟ್ಟ ಚಿತ್ರವನ್ನೇ ಕೆತ್ತಿರುತ್ತಾರೆ. ಇಂಗ್ಲಿಷ್ ಓದಲು ಬಾರದವರೂ ಅದನ್ನು ನೋಡಿ ಗುರುತಿಸಬಹುದು. ಈಗಾಗಲೇ ಕೊಂಡ ಉಪಕರಣವನ್ನು ಎಸೆಯಬೇಕಾಗಿಯೂ ಇಲ್ಲ, ಐಪೀಸಿನ ಜೋಡಿಯನ್ನು ಮಾತ್ರ ಬದಲಿಸಿದರೆ ಸಾಕು. ಕೊಳವೆಯ ಒಳ ಅಳತೆಯನ್ನು ಮೊದಲು ನೋಡಿಕೊಳ್ಳಬೇಕಷ್ಟೆ. ಸ್ಟೀರಿಯೊಗಳಲ್ಲಿ ಸಾಮಾನ್ಯವಾಗಿ ಅದು 30 ಅಥವಾ 30.5 ಮಿಲಿಮೀಟರ್, ಕಾಲೇಜಿನ ಮೈಕ್ರೋಸ್ಕೋಪುಗಳಲ್ಲಿ 23.2. ಒಂದಕ್ಕೆ ತಂದದ್ದು ಇನ್ನೊಂದಕ್ಕೆ ಕೂರುವುದಿಲ್ಲ.

ಹಾಗಾದರೆ ‘ತೆಗೆದು ನೋಡಿ’ ಎಂಬ ಸಲಹೆ ಎಲ್ಲಿಯವರೆಗೆ ನಿಲ್ಲುತ್ತದೆ? ಉತ್ತರ ಕಣ್ಣಿನ ವೈದ್ಯರು ಬರೆದ ಚೀಟಿಯಲ್ಲೇ ಇದೆ. ಅಲ್ಲಿ ಎಸ್‌ಪಿಎಚ್ ಎಂಬ ಸಾಲಿನಲ್ಲಿ ಮಾತ್ರ ಅಂಕಿಯಿದ್ದರೆ ಅದು ಬರಿಯ ಸಮೀಪದೃಷ್ಟಿ ಅಥವಾ ದೂರದೃಷ್ಟಿ. ಫೋಕಸ್ ತಿರುಗಿಸಿ, ಐಪೀಸಿನ ಡಯಾಪ್ಟರ್ ರಿಂಗ್ ಸರಿಪಡಿಸಿಕೊಂಡರೆ ಕನ್ನಡಕವಿಲ್ಲದೆಯೂ ಸ್ಪಷ್ಟವಾಗಿ ಕಾಣುತ್ತದೆ. ಈ ರಿಂಗಿನ ವ್ಯಾಪ್ತಿ ಸಾಮಾನ್ಯವಾಗಿ ಪ್ಲಸ್ 5ರಿಂದ ಮೈನಸ್ 5ರವರೆಗೆ. ಮೈನಸ್ 7 ಇರುವವರು ಫೋಕಸ್ ಗುಂಡಿಯಿಂದ ಉಳಿದದ್ದನ್ನು ಸರಿದೂಗಿಸಬಹುದಾದರೂ ಝೂಮ್ ತಿರುಗಿಸಿದಾಗಲೆಲ್ಲ ಚಿತ್ರ ಮಸುಕಾಗುತ್ತದೆ. ಸಿವೈಎಲ್ ಸಾಲಿನಲ್ಲಿ ಅಂಕಿಯಿದ್ದರೆ ಅದು ಅಸ್ಟಿಗ್ಮ್ಯಾಟಿಸಂ, ಎಂದರೆ ಒಂದು ದಿಕ್ಕಿನ ಗೆರೆ ಸ್ಪಷ್ಟವಾಗಿ, ಇನ್ನೊಂದು ದಿಕ್ಕಿನದು ಮಸುಕಾಗಿ ಕಾಣುವ ದೋಷ. ಯಾವ ರಿಂಗ್ ತಿರುಗಿಸಿದರೂ ಅದು ಹೋಗುವುದಿಲ್ಲ, ಕನ್ನಡಕ ಮೂಗಿನ ಮೇಲೇ ಇರಬೇಕು. ಅರ್ಧ ಡಯಾಪ್ಟರಿನಷ್ಟು ಮಾತ್ರ ಇದ್ದರೆ ವ್ಯತ್ಯಾಸ ಗೊತ್ತಾಗದಿರಬಹುದು. ಐಪೀಸಿನಿಂದ ಬರುವ ಬೆಳಕಿನ ವೃತ್ತ ಒಂದೂವರೆ ಮಿಲಿಮೀಟರಿನಷ್ಟೇ ಇರುವುದರಿಂದ ಸಣ್ಣ ದೋಷ ತಾನಾಗಿ ಮರೆಯಾಗುತ್ತದೆ. ಒಂದು ಡಯಾಪ್ಟರ್ ದಾಟಿದವರು ಹಾಗೆ ನೆಚ್ಚಿಕೊಳ್ಳುವಂತಿಲ್ಲ.

ಇದನ್ನು ಪರೀಕ್ಷಿಸಲು ಒಂದು ಪತ್ರಿಕೆ ಸಾಕು. ಬಣ್ಣದ ಚಿತ್ರವೊಂದನ್ನು ಲೆನ್ಸಿನ ಕೆಳಗಿಟ್ಟರೆ ನೀಲಿ, ಕೆಂಪು, ಹಳದಿ, ಕಪ್ಪು ಚುಕ್ಕೆಗಳು ಕಾಣುತ್ತವೆ. ಕನ್ನಡಕ ತೆಗೆದು, ಒಂದೊಂದೇ ಕಣ್ಣಿನಿಂದ, ಫೋಕಸ್ ನಿಧಾನವಾಗಿ ಹಿಂದೆ ಮುಂದೆ ಮಾಡುತ್ತ ನೋಡಬೇಕು. ಚುಕ್ಕೆಗಳು ಒಮ್ಮೆ ಅಡ್ಡಕ್ಕೆ, ಒಮ್ಮೆ ಉದ್ದಕ್ಕೆ ಎಳೆದಂತೆ ಕಂಡರೆ ಆ ಕಣ್ಣಿಗೆ ಕನ್ನಡಕ ಬೇಕೇ ಬೇಕು.

ಚಾಳೀಸಿನವರ ಸ್ಥಿತಿ ವಿಚಿತ್ರವಾದದ್ದು. ಸರಿಯಾಗಿ ಹೊಂದಿಸಿದ ಸ್ಟೀರಿಯೊ ಮೈಕ್ರೋಸ್ಕೋಪ್ ತನ್ನ ಚಿತ್ರವನ್ನು ದೂರದಲ್ಲಿರುವಂತೆ ಕಣ್ಣಿಗೆ ಒಪ್ಪಿಸುತ್ತದೆ. ಹತ್ತಿರದ್ದು ಮಾತ್ರ ಮಸುಕಾಗುವ ಅರವತ್ತರ ರೈತನಿಗೂ, ಪೊರೆ ತೆಗೆಸಿ ದೂರಕ್ಕೆ ಹೊಂದುವ ಕೃತಕ ಲೆನ್ಸ್ ಹಾಕಿಸಿಕೊಂಡವರಿಗೂ ಐಪೀಸಿನೊಳಗೆ ಕನ್ನಡಕದ ಅಗತ್ಯವೇ ಬೀಳುವುದಿಲ್ಲ. ಆದರೆ ತಲೆಯೆತ್ತಿದ ಕೂಡಲೇ ಬೇಕಾಗುತ್ತದೆ. ಚಿಮುಟದ ತುದಿ, ಸೀಸೆಯ ಚೀಟಿ, ನೋಟುಪುಸ್ತಕದ ಸಾಲು ಎಲ್ಲವೂ ಮಸುಕು.

ಕೆಲಸದ ಮೇಜಿನಲ್ಲಿ ಆ ಸಲಹೆ ಸೋಲುವುದು ಇಲ್ಲಿ. ಮೈಕ್ರೋಸ್ಕೋಪಿನ ಕೆಲಸವೆಂದರೆ ಬರೀ ಇಣುಕುವುದಲ್ಲ. ನೋಡಬೇಕು, ತಲೆಯೆತ್ತಿ ಬರೆಯಬೇಕು, ಇನ್ನೊಂದು ಎಲೆ ಎತ್ತಿಕೊಳ್ಳಬೇಕು, ಮತ್ತೆ ನೋಡಬೇಕು. ಮೊಬೈಲ್ ರಿಪೇರಿ ಅಂಗಡಿಯಲ್ಲಿ ಇದು ಇನ್ನೂ ಬೇಗ ಬೇಗ ನಡೆಯುತ್ತದೆ. ಚಾರ್ಜಿಂಗ್ ಪೋರ್ಟಿನ ಸಣ್ಣ ಕಾಲುಗಳಿಗೆ ಸೋಲ್ಡರ್ ಹಾಕುವವನು ಒಂದು ಕೈಯಲ್ಲಿ ಬಿಸಿ ಕಡ್ಡಿ, ಇನ್ನೊಂದರಲ್ಲಿ ಚಿಮುಟ ಹಿಡಿದಿರುತ್ತಾನೆ. ಅವನು ಕನ್ನಡಕವನ್ನು ಯಾವ ಕೈಯಲ್ಲಿ ತೆಗೆಯಬೇಕು, ಯಾವ ಕೈಯಲ್ಲಿ ಹಾಕಬೇಕು? ತೆಗೆದು ಮೇಜಿನ ಮೇಲಿಟ್ಟ ಕನ್ನಡಕಕ್ಕೆ ಗೀರು ಬೀಳುವುದು, ಕೆಳಗೆ ಬಿದ್ದು ಒಡೆಯುವುದು ಬೇರೆ.

ಕನ್ನಡಕ ಹಾಕಿಕೊಂಡೇ ನೋಡುವುದರಿಂದ, ಹಂಚಿಕೊಂಡು ಬಳಸುವ ಕಡೆ ಇನ್ನೊಂದು ಲಾಭವೂ ಇದೆ. ಕಾಲೇಜಿನ ಪ್ರಯೋಗಾಲಯದಲ್ಲಾಗಲಿ, ಸುತ್ತೂರಿನ ಜೆಎಸ್‌ಎಸ್ ಕೃಷಿ ವಿಜ್ಞಾನ ಕೇಂದ್ರದಂಥ ರೈತರು ಬಂದುಹೋಗುವ ಸಂಸ್ಥೆಯಲ್ಲಾಗಲಿ, ಒಂದೇ ಉಪಕರಣಕ್ಕೆ ದಿನಕ್ಕೆ ಹಲವು ಜೋಡಿ ಕಣ್ಣುಗಳು ಬರುತ್ತವೆ. ಕನ್ನಡಕ ತೆಗೆದು ನೋಡಿದ ಪ್ರತಿಯೊಬ್ಬರೂ ತಮ್ಮ ಪವರಿಗೆ ರಿಂಗ್ ತಿರುಗಿಸಿ ಹೋಗುತ್ತಾರೆ, ಮುಂದಿನವರಿಗೆ ಮಸುಕು ಕಾಣುತ್ತದೆ. ಎಲ್ಲರೂ ತಮ್ಮ ದೂರದ ಕನ್ನಡಕ ಹಾಕಿಕೊಂಡೇ ನೋಡಿದರೆ ಕಣ್ಣುಗಳೆಲ್ಲ ಹೆಚ್ಚು ಕಡಿಮೆ ಒಂದೇ ಸಮಕ್ಕೆ ಬಂದಿರುತ್ತವೆ. ರಿಂಗುಗಳು ಸೊನ್ನೆಯಲ್ಲೇ ನಿಲ್ಲುತ್ತವೆ, ಎರಡು ಐಪೀಸುಗಳ ನಡುವಿನ ಅಂತರವೊಂದನ್ನು ಹೊಂದಿಸಿಕೊಂಡರೆ ಆಯಿತು.

ಹೊಂದಿಸುವ ಕ್ರಮವನ್ನು ಬಹುತೇಕ ಕಡೆ ಯಾರೂ ಹೇಳಿಕೊಡುವುದಿಲ್ಲ. ಐಪೀಸಿನ ರಬ್ಬರ್ ಅಂಚನ್ನು ಮೊದಲು ಮಡಚಬೇಕು. ಅದು ಬರಿಗಣ್ಣಿನವರಿಗಾಗಿ ಇರುವುದು, ಕನ್ನಡಕದವರನ್ನು ಅನಗತ್ಯವಾಗಿ ದೂರ ತಳ್ಳುತ್ತದೆ. ಎರಡು ವೃತ್ತಗಳು ಒಂದಾಗುವವರೆಗೆ ಐಪೀಸುಗಳನ್ನು ಹತ್ತಿರ ಅಥವಾ ದೂರ ಸರಿಸಬೇಕು. ರಿಂಗುಗಳನ್ನು ಸೊನ್ನೆಗೆ ತಂದು, ಝೂಮನ್ನು ಅತಿ ಹೆಚ್ಚಿಗೆ ಒಯ್ದು ಫೋಕಸ್ ಮಾಡಬೇಕು. ಆಮೇಲೆ ಫೋಕಸ್ ಗುಂಡಿಯನ್ನು ಮುಟ್ಟದೆ ಝೂಮನ್ನು ಅತಿ ಕಡಿಮೆಗೆ ತಂದು, ಒಂದೊಂದೇ ಕಣ್ಣಿನಿಂದ ನೋಡುತ್ತ ಆಯಾ ರಿಂಗ್ ತಿರುಗಿಸಿ ಸ್ಪಷ್ಟ ಮಾಡಿಕೊಳ್ಳಬೇಕು. ಇಷ್ಟಾದರೆ ಝೂಮ್ ಎಲ್ಲಿಗೆ ಹೋದರೂ ಚಿತ್ರ ಕದಲುವುದಿಲ್ಲ. ಬೈಫೋಕಲ್ ಅಥವಾ ಪ್ರೋಗ್ರೆಸಿವ್ ಗಾಜಿನವರು ಮೇಲಿನ ಭಾಗದಿಂದಲೇ ನೋಡಬೇಕು. ಕುರ್ಚಿ ತಗ್ಗಾಗಿದ್ದರೆ ಗದ್ದ ಮೇಲೆದ್ದು ನೋಟ ಓದುವ ಭಾಗಕ್ಕೆ ಇಳಿಯುತ್ತದೆ, ಚಿತ್ರ ಮಸುಕಾಗುತ್ತದೆ, ಕುತ್ತಿಗೆಯೂ ನೋಯುತ್ತದೆ. ಕುರ್ಚಿಯನ್ನು ಸ್ವಲ್ಪ ಎತ್ತರಿಸಿದರೆ ಎರಡೂ ನಿಲ್ಲುತ್ತವೆ.

‘ಇದೆಲ್ಲ ತಾಪತ್ರಯ ಏಕೆ, ಕ್ಯಾಮೆರಾ ಹಾಕಿ ಪರದೆಯ ಮೇಲೆ ನೋಡಿದರಾಯಿತು’ ಎನ್ನುವವರಿದ್ದಾರೆ. ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಹತ್ತು ಮಂದಿ ರೈತರಿಗೆ ಒಟ್ಟಿಗೆ ನುಸಿ ತೋರಿಸಲು, ಫೋಟೊ ತೆಗೆದು ತಜ್ಞರಿಗೆ ಕಳಿಸಲು ಪರದೆಯೇ ಮೇಲು. ಮೂರನೆಯ ಕೊಳವೆಗೆ ಕ್ಯಾಮೆರಾ ಕೂರಿಸುವ ಟ್ರೈನಾಕ್ಯುಲರ್ ಮಾದರಿಗಳನ್ನು ರಿಪೇರಿ ಅಂಗಡಿಗಳೂ ಬಳಸುತ್ತಿವೆ. ಆದರೆ ಪರದೆಯ ಚಿತ್ರ ಚಪ್ಪಟೆ. ಸೂಜಿಯ ತುದಿ ಕೀಟದ ಮೇಲಿದೆಯೋ, ಅದರ ಹಿಂದಿದೆಯೋ ತಿಳಿಯುವುದಿಲ್ಲ. ಅಗ್ಗದ ಕ್ಯಾಮೆರಾದಲ್ಲಿ ಕೈ ಅಲುಗಿದ್ದು ಪರದೆಯ ಮೇಲೆ ಒಂದು ಕ್ಷಣ ತಡವಾಗಿ ಕಾಣುತ್ತದೆ. ಕೈಕೆಲಸಕ್ಕೆ ಎರಡು ಕಣ್ಣು, ಎರಡು ಐಪೀಸು ಬಿಟ್ಟರೆ ಗತಿಯಿಲ್ಲ. ಒಂದು ಕಣ್ಣಿನ ದೃಷ್ಟಿ ಬಹಳ ಕುಂದಿದವರಿಗೆ ಮಾತ್ರ ಪರದೆಯಿಂದ ನಷ್ಟವೇನಿಲ್ಲ, ಆಳದ ಅಂದಾಜು ಅವರಿಗೆ ಐಪೀಸಿನಲ್ಲೂ ಸಿಗುವುದಿಲ್ಲ.

ಇನ್ನು ಖರೀದಿಯ ಮಾತು. ಕರ್ನಾಟಕದಲ್ಲಿ ಸರ್ಕಾರಿ ಖರೀದಿಗಳು 1999ರ ಸಾರ್ವಜನಿಕ ಸಂಗ್ರಹಣೆ ಪಾರದರ್ಶಕತೆ ಅಧಿನಿಯಮದ ಪ್ರಕಾರ ನಡೆಯುತ್ತವೆ. ಕೇಳಿದ ತಾಂತ್ರಿಕ ವಿವರಗಳಿಗೆ ಹೊಂದುವ ಬಿಡ್‌ಗಳಲ್ಲಿ ಕಡಿಮೆ ದರದ್ದು ಗೆಲ್ಲುವುದು ಅದರ ದಾರಿ. ಕಾಯ್ದೆಯನ್ನು ದೂರಿ ಫಲವಿಲ್ಲ. ಐ ರಿಲೀಫ್ ಎಷ್ಟಿರಬೇಕೆಂದು ಕೇಳದಿದ್ದರೆ ಪೂರೈಕೆದಾರ ಅಗ್ಗದ ಐಪೀಸನ್ನೇ ಕೊಡುತ್ತಾನೆ, ಅದರಲ್ಲಿ ಅವನ ತಪ್ಪೇನೂ ಇಲ್ಲ. ತಪ್ಪು ‘ಗರಿಷ್ಠ ವರ್ಧನೆ’ ಎಂಬ ಒಂದೇ ಅಂಕಿಗೆ ಮರುಳಾಗಿ ಖರೀದಿಗೆ ಬರೆಯುವ ಇಂಡೆಂಟಿನದು. 20 ಪಟ್ಟಿನ ಐಪೀಸ್ ಹಾಕಿ 90 ಪಟ್ಟು ಎಂದು ಬರೆದುಕೊಳ್ಳುವುದು ಸುಲಭ. ಹಾಗೆ ಹಿಗ್ಗಿಸಿದ್ದರಲ್ಲಿ ಹೊಸ ವಿವರ ಕಾಣುವುದು ಅಪರೂಪ, ಅಂಥ ಅಗ್ಗದ ಐಪೀಸುಗಳಲ್ಲಿ ಐ ರಿಲೀಫ್ ಇನ್ನೂ ಕಡಿಮೆಯಾಗಿ ಕನ್ನಡಕದವರು ಪೂರ್ತಿ ಹೊರಗುಳಿಯುತ್ತಾರೆ. ಕಾಲೇಜುಗಳೂ ಖಾಸಗಿ ಕಾರ್ಖಾನೆಗಳೂ ಕೊಳ್ಳುವಾಗ ಇದೇ ಎಡವಟ್ಟು ಆಗದಂತೆ ನೋಡಿಕೊಳ್ಳಬೇಕು.

ಇಂಡೆಂಟಿಗೆ ಸೇರಬೇಕಾದ್ದು ಬಹಳವೇನಿಲ್ಲ. ಐಪೀಸುಗಳು ಕನ್ನಡಕದ ಗುರುತಿನ ಹೈ ಐಪಾಯಿಂಟ್ ಮಾದರಿಯವು, ಐ ರಿಲೀಫ್ 18 ಮಿಲಿಮೀಟರಿಗೆ ಕಡಿಮೆ ಇಲ್ಲ. ಡಯಾಪ್ಟರ್ ರಿಂಗ್ ಒಂದೇ ಕಡೆ ಅಲ್ಲ, ಎರಡೂ ಐಪೀಸಿನಲ್ಲಿ. ರಬ್ಬರ್ ಅಂಚು ಮಡಚುವಂಥದ್ದು. ಸೋಲ್ಡರಿಂಗಿನಂಥ ಕೆಲಸವಿದ್ದರೆ 0.5X ಸಹಾಯಕ ಲೆನ್ಸ್ ಜೊತೆಗಿರಲಿ. ವರ್ಧನೆ ಅರ್ಧವಾದರೂ ಕೈಯಾಡಿಸಲು ಸಿಗುವ ಜಾಗ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಪೆಟ್ಟಿಗೆ ಬಂದ ದಿನ ಸಿಬ್ಬಂದಿಯಲ್ಲಿ ಮೂವರನ್ನು ಅದರ ಮುಂದೆ ಕೂರಿಸಿ ನೋಡಲಿ. ಒಬ್ಬರು ಕನ್ನಡಕವಿಲ್ಲದವರು, ಒಬ್ಬರು ಮೈನಸ್ ಪವರಿನವರು, ಮತ್ತೊಬ್ಬರು ಬೈಫೋಕಲ್‌ನವರು. ಮೂವರಿಗೂ ವೃತ್ತದ ಅಂಚು ಸುತ್ತಲೂ ಕಾಣಿಸಿದರೆ ಬಿಲ್ಲಿಗೆ ಸಹಿ ಬೀಳಲಿ. ಒಬ್ಬರಿಗೆ ಕಾಣದಿದ್ದರೂ ಐಪೀಸುಗಳನ್ನು ಬದಲಿಸಿ ತರುವಂತೆ ಪೂರೈಕೆದಾರನಿಗೆ ಹೇಳಲಿ.